ನೇಕೆಡ್ ಸ್ಪೋರ್ಟ್ ಬೈಕಿನ ಹ್ಯಾಂಡಲ್: ಎತ್ತರಿಸುವ ಮುನ್ನ, ಎತ್ತರಿಸುವಾಗ, ಎತ್ತರಿಸಿದ ಮೇಲೆ

ಮುಂದೆ ಗಾಳಿ ತಡೆಯುವ ಹೊದಿಕೆ, ಅಂದರೆ ಫೇರಿಂಗ್, ಇಲ್ಲದ ಸ್ಪೋರ್ಟ್ ಬೈಕಿಗೆ ನೇಕೆಡ್ ಸ್ಪೋರ್ಟ್ ಬೈಕು ಎನ್ನುತ್ತಾರೆ. ಅಂಥ ಬೈಕು ಕೊಂಡು ಕೆಲವು ತಿಂಗಳು ಓಡಿಸಿದ ಅನೇಕ ಸವಾರರ ದೂರು ಒಂದೇ ಬಗೆಯದು. ಎಂಜಿನ್ ಚೆನ್ನಾಗಿದೆ, ಬ್ರೇಕ್ ಚೆನ್ನಾಗಿದೆ, ಆದರೆ ಗಂಟೆ ಒಂದು ಕಳೆಯುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಕತ್ತಿನ ಹಿಂಭಾಗ ಬಿಗಿಯುತ್ತದೆ. ಇದಕ್ಕೆ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಸಿದ್ಧ ಉತ್ತರವೂ ಒಂದೇ: ಹ್ಯಾಂಡಲ್ ಎತ್ತರ ಮಾಡಿಸಿ. ಆ ಉತ್ತರ ಹಲವು ಸಲ ಸರಿಯೇ. ಆದರೆ ಎಷ್ಟು ಎತ್ತರ ಬೇಕು, ಯಾವ ಕ್ರಮದಲ್ಲಿ ಮಾಡಬೇಕು, ಕೇಬಲ್ಲುಗಳು ಅದಕ್ಕೆ ಒಪ್ಪುತ್ತವೆಯೇ ಎಂಬುದನ್ನು ನೋಡದೆ ಮಾಡಿಸಿದರೆ ಮಣಿಕಟ್ಟಿನ ನೋವು ಹೋಗಿ ಸೊಂಟಕ್ಕೆ ಬರುವುದುಂಟು. ಅದಕ್ಕಿಂತ ಅಪಾಯಕಾರಿಯಾಗಿ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಬ್ರೇಕ್ ಎಣ್ಣೆ ಹರಿಯುವ ಕೊಳವೆ (ಹೋಸ್) ಬಿಗಿದು ಎಳೆದುಕೊಳ್ಳುವುದುಂಟು.

ಸವಾರಿಯ ಆರಾಮವನ್ನು ನಿರ್ಧರಿಸುವುದು ಹ್ಯಾಂಡಲಿನ ಎತ್ತರವೊಂದೇ ಅಲ್ಲ. ಮಣಿಕಟ್ಟು ನೇರವಾಗಿರಬೇಕು, ಮೊಣಕೈ ಸ್ವಲ್ಪ ಮಡಚಿರಬೇಕು, ಮೈಭಾರ ಅಂಗೈಯ ಮೇಲೆ ಬೀಳದೆ ಸೀಟು ಮತ್ತು ಫುಟ್‌ರೆಸ್ಟ್‌ಗಳ ಮೇಲೆ ನಿಲ್ಲಬೇಕು. ಈ ಮೂರನ್ನು ಸಾಧಿಸಲು ಅಗತ್ಯವಿರುವಷ್ಟೇ ಎತ್ತರ ಸಾಕು. ಅದಕ್ಕಿಂತ ಹೆಚ್ಚಿನ ಪ್ರತಿ ಸೆಂಟಿಮೀಟರಿಗೂ ಬೇರೆಲ್ಲೋ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ಈ ಲೇಖನವು ಖರ್ಚಿಲ್ಲದ ಹೊಂದಿಕೆಗಳಿಂದ ಆರಂಭಿಸಿ, ಅಳತೆ, ರೈಸರ್ (ಹ್ಯಾಂಡಲಿನ ಕೆಳಗೆ ಕೂರಿಸುವ ತುಂಡು), ಹೊಸ ಹ್ಯಾಂಡಲ್ ಎಂಬ ಕ್ರಮದಲ್ಲಿ ಮುಂದುವರಿಯುತ್ತದೆ. ನಡುವೆ ಎಲ್ಲಿ ಆರಾಮ ಸಿಕ್ಕಿತೋ ಅಲ್ಲೇ ನಿಲ್ಲಿಸಬಹುದು.

ಎತ್ತರದ ಹ್ಯಾಂಡಲ್ ಏನನ್ನು ಬದಲಿಸುತ್ತದೆ

ಯಮಹಾ ಆರ್15 ಮತ್ತು ಎಂಟಿ-15 ಬೈಕುಗಳ ಮೇಲೆ ಒಂದಾದ ಮೇಲೊಂದರಂತೆ ಕುಳಿತು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಎರಡರಲ್ಲೂ ಇರುವುದು ಒಂದೇ ಕುಟುಂಬದ 155 ಸಿಸಿ ಎಂಜಿನ್. ಆರ್15ರಲ್ಲಿ ಕ್ಲಿಪ್-ಆನ್ ಎಂಬ ಎರಡು ತುಂಡಿನ ಹ್ಯಾಂಡಲ್ ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಕೊಳವೆಗಳಿಗೇ ಅಂಟಿಕೊಂಡು ಕೆಳಗಿರುವುದರಿಂದ ಸವಾರನ ಎದೆ ಟ್ಯಾಂಕಿನತ್ತ ಬಾಗುತ್ತದೆ; 2019ರಲ್ಲಿ ಭಾರತಕ್ಕೆ ಬಂದ ಎಂಟಿ-15ರಲ್ಲಿ ಒಂದೇ ಕೊಳವೆಯ ಅಗಲ ಹ್ಯಾಂಡಲ್ ಮೇಲ್ಭಾಗದಲ್ಲಿರುವುದರಿಂದ ಬೆನ್ನು ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಕೆಟಿಎಂನ ಆರ್‌ಸಿ ಮತ್ತು ಡ್ಯೂಕ್, ಟಿವಿಎಸ್‌ನ ಅಪಾಚೆ ಆರ್‌ಆರ್ 310 ಮತ್ತು ಆರ್‌ಟಿಆರ್ 310 ಜೋಡಿಗಳಲ್ಲೂ ಇದೇ ವ್ಯತ್ಯಾಸ. ಹಾಗಿದ್ದರೂ ನೇಕೆಡ್ ಬೈಕಿನ ಫುಟ್‌ರೆಸ್ಟ್ ಹಿಂದಕ್ಕೂ ಮೇಲಕ್ಕೂ ಇರುವುದರಿಂದ, ಸಾಧಾರಣ ಕಮ್ಯೂಟರ್ ಬೈಕಿಗೆ ಹೋಲಿಸಿದರೆ ಇಲ್ಲೂ ಸೊಂಟದಿಂದ ಮೇಲಿನ ಮೈ ಸ್ವಲ್ಪ ಮುಂದಕ್ಕೆ ವಾಲಿಯೇ ಇರುತ್ತದೆ. ಆ ವಾಲಿಕೆಯನ್ನು ಕಾರ್ಖಾನೆಯವರು ಬೇಕೆಂದೇ ಇಟ್ಟಿದ್ದಾರೆ.

ಎತ್ತರದ ಹ್ಯಾಂಡಲ್ ಬರೀ ಆರಾಮಕ್ಕೆಂಬ ಅಭಿಪ್ರಾಯವೂ ಪೂರ್ತಿ ನಿಜವಲ್ಲ. ರೇಸ್ ಸವಾರ ಎಡ್ಡಿ ಲಾಸನ್ 1981 ಮತ್ತು 1982ರಲ್ಲಿ ಅಮೆರಿಕದ ಎಎಂಎ ಸೂಪರ್‌ಬೈಕ್ ರೇಸಿಂಗ್ ಪ್ರಶಸ್ತಿ ಗೆದ್ದದ್ದು ಅಗಲವಾದ, ಎತ್ತರದ ಹ್ಯಾಂಡಲ್ ಇದ್ದ ಭಾರೀ ಕವಾಸಾಕಿ ಬೈಕಿನ ಮೇಲೆ. ಅಗಲವಾದ ಹ್ಯಾಂಡಲ್ ಒಂದು ಉದ್ದನೆಯ ಸನ್ನೆ. ಕಡಿಮೆ ಬಲದಲ್ಲಿ ಬೈಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿಸಬಹುದು. 14 ಹೇರ್‌ಪಿನ್ ತಿರುವುಗಳಿರುವ ಆಗುಂಬೆ ಘಾಟಿಯಲ್ಲಿ, ಚಾರ್ಮಾಡಿಯಲ್ಲಿ, ಅಥವಾ ಸಂಜೆಯ ಹೊತ್ತು ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಈ ಸನ್ನೆಯ ಉಪಕಾರ ಕೈಗೆ ನೇರವಾಗಿ ತಿಳಿಯುತ್ತದೆ.

ಇನ್ನು ನಷ್ಟದ ಬಾಬತ್ತು. ಹ್ಯಾಂಡಲ್ ಮೇಲಕ್ಕೂ ಹಿಂದಕ್ಕೂ ಬಂದಷ್ಟೂ ಸವಾರನ ಭಾರ ಹಿಂದಿನ ಚಕ್ರದ ಕಡೆಗೆ ಸರಿಯುತ್ತದೆ, ಮುಂಚಕ್ರ ಹಗುರವಾಗುತ್ತದೆ, ಮುಂದಿನ ಟೈರು ರಸ್ತೆಯನ್ನು ಹೇಗೆ ಹಿಡಿದಿದೆ ಎಂಬ ಸುದ್ದಿ ಕೈಗೆ ಮಂದವಾಗಿ ತಲುಪುತ್ತದೆ. ಗಾಳಿಯ ವಿಷಯ ಇದಕ್ಕಿಂತ ಮುಖ್ಯ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 80 ಕಿ.ಮೀ. ವೇಗದಿಂದ 100ಕ್ಕೆ ಹೋದರೆ ಎದೆಯ ಮೇಲಿನ ಒತ್ತಡ ಒಂದೂವರೆ ಪಟ್ಟನ್ನು ಮೀರುತ್ತದೆ, 60ರಿಂದ 120ಕ್ಕೆ ಹೋದರೆ ನಾಲ್ಕು ಪಟ್ಟಾಗುತ್ತದೆ. ಫೇರಿಂಗ್ ಇಲ್ಲದ ಬೈಕಿನಲ್ಲಿ ಪೂರ್ತಿ ನೆಟ್ಟಗೆ ಕುಳಿತವರ ಎದೆ ಆ ವೇಗದಲ್ಲಿ ಬಿರುಗಾಳಿಗೆ ಬಿಚ್ಚಿದ ಕೊಡೆಯಂತಾಗುತ್ತದೆ. ಸವಾರ ಹ್ಯಾಂಡಲನ್ನು ಹಿಡಿದುಕೊಳ್ಳುವ ಬದಲು ಅದಕ್ಕೆ ಜೋತುಬೀಳತೊಡಗುತ್ತಾನೆ. ಗಾಳಿ ಮೈಯನ್ನು ಅಲುಗಿಸಿದಂತೆಲ್ಲ ಆ ಅಲುಗಾಟ ತೋಳಿನ ಮೂಲಕ ಹ್ಯಾಂಡಲಿಗೆ ಇಳಿದು ಬೈಕು ತೂರಾಡಿದ ಹಾಗೆ ಅನಿಸುತ್ತದೆ. ಸ್ವಲ್ಪ ಮುಂದಕ್ಕೆ ವಾಲಿ ಕುಳಿತಾಗ ಇದೇ ಗಾಳಿ ಎದೆಯನ್ನು ಎತ್ತಿಹಿಡಿದು ಅಂಗೈಯ ಭಾರ ಇಳಿಸುತ್ತದೆ. ಊರೊಳಗೆ ಮಣಿಕಟ್ಟು ನೋಯಿಸುವ ಬೈಕು ಹೆದ್ದಾರಿಯಲ್ಲಿ ಹಿತವೆನಿಸುವುದಕ್ಕೆ ಕಾರಣ ಇದು.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನೀವು ಯಾವ ವೇಗದಲ್ಲಿ ಹೆಚ್ಚು ಹೊತ್ತು ಕಳೆಯುತ್ತೀರಿ ಎಂಬುದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಊರು, ಹಂಪು, ಎದುರು ಬರುವ ಟ್ರ್ಯಾಕ್ಟರುಗಳ ನಡುವೆ ಸಾಗಬೇಕು. ಅಂಥ ದಾರಿಯಲ್ಲೇ ವಾರವಾರವೂ ಓಡಾಡುವವರಿಗೆ ಒಂದಿಷ್ಟು ಎತ್ತರದ ಹ್ಯಾಂಡಲಿನಿಂದ ಲಾಭವೇ ಹೆಚ್ಚು. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಯ ಕಡೆ ಉದ್ದನೆಯ ಹೆದ್ದಾರಿ ಓಟವೇ ಮುಖ್ಯವಾಗಿರುವವರು ಇನ್ನೊಮ್ಮೆ ಯೋಚಿಸಬೇಕು.

ನೋವು ಎಲ್ಲಿದೆ ಎಂಬುದೇ ಮೊದಲ ಸುಳಿವು

ಕೈಗೆ ಸ್ಪ್ಯಾನರ್ ಎತ್ತಿಕೊಳ್ಳುವ ಮುನ್ನ ನೋವಿನ ಜಾಗವನ್ನು ಸರಿಯಾಗಿ ಗುರುತಿಸಬೇಕು. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಹೊರಬದಿಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಒತ್ತಡ ಬೀಳುತ್ತಿದೆ ಎಂದು ಅರ್ಥ. ಅಂದರೆ ಮೈಭಾರ ಅಂಗೈಯ ಹೊರಬದಿಗೆ ಬೀಳುತ್ತಿದೆ, ಅಥವಾ ಹ್ಯಾಂಡಲಿನ ತುದಿ ನಿಮ್ಮ ಕೈಗೆ ಒಪ್ಪದ ಕೋನದಲ್ಲಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದರೆ ಅದು ಮಣಿಕಟ್ಟಿನ ನಡುವೆ ಸಾಗುವ ಮೀಡಿಯನ್ ನರದ ದೂರು. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಬಹಳ ಹೊತ್ತು ಮುರಿದಂತೆ ನಿಂತಿರುವುದು ಇದಕ್ಕೆ ಸಾಮಾನ್ಯ ಕಾರಣ. ಲಿವರ್ ತುಂಬ ಮೇಲಿದ್ದರೂ ಹೀಗಾಗುತ್ತದೆ, ಆಗ ಹ್ಯಾಂಡಲ್ ಎತ್ತರಿಸಿ ಪ್ರಯೋಜನವಿಲ್ಲ. ಬೈಕಿನಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ, ರಾತ್ರಿ ನಿದ್ದೆಯಲ್ಲೂ ಕೈ ಜುಮ್ಮೆನ್ನುತ್ತಿದ್ದರೆ ವೈದ್ಯರನ್ನು ಕಾಣಬೇಕು.

ಕತ್ತು ನೋಯುತ್ತಿದ್ದರೆ ಬೆನ್ನು ಹೆಚ್ಚು ಬಾಗಿ, ದಾರಿ ನೋಡಲು ತಲೆಯನ್ನು ಮೇಲೆತ್ತಿ ಹಿಡಿದಿರುತ್ತೀರಿ. ಇದು ಹ್ಯಾಂಡಲಿನ ಎತ್ತರದಿಂದ ನಿಜವಾಗಿಯೂ ಪರಿಹಾರವಾಗುವ ನೋವು. ಭುಜದ ನಡುವೆ ಉರಿ ಬಂದರೆ ಹ್ಯಾಂಡಲ್ ದೂರವಿದೆ ಅಥವಾ ಅತಿ ಅಗಲವಾಗಿದೆ. ಸೊಂಟದ ಕೆಳಭಾಗ ನೋಯುತ್ತಿದ್ದರೆ ಮಾತ್ರ ಎಚ್ಚರ: ಪೂರ್ತಿ ನೆಟ್ಟಗೆ ಕುಳಿತಾಗ ಹಂಪಿನ ಹೊಡೆತ ಸೀಟಿನಿಂದ ಬೆನ್ನುಮೂಳೆಗೆ ನೇರವಾಗಿ ಏರುತ್ತದೆ, ಸ್ವಲ್ಪ ಮುಂದಕ್ಕೆ ವಾಲಿದ ಬೆನ್ನಾದರೆ ಆ ಹೊಡೆತಕ್ಕೆ ಬಾಗಿಕೊಡುತ್ತದೆ. ಸೊಂಟನೋವಿಗೆ ಹ್ಯಾಂಡಲ್ ಎತ್ತರಿಸಿದವರಿಗೆ ನೋವು ಹೆಚ್ಚಾಗುವುದೂ ಇದರಿಂದಲೇ.

ಖರ್ಚಿಲ್ಲದ ಹೊಂದಿಕೆಗಳು

ಮೊದಲ ಹೆಜ್ಜೆ ಲಿವರುಗಳ ಕೋನ. ಬೈಕನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಒಬ್ಬರಿಗೆ ಹಿಂದಿನಿಂದ ಹಿಡಿದುಕೊಳ್ಳಲು ಹೇಳಿ, ರಸ್ತೆಯಲ್ಲಿ ಕುಳಿತುಕೊಳ್ಳುವ ಹಾಗೆಯೇ ಕುಳಿತು ಬೆರಳುಗಳನ್ನು ಚಾಚಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಇರಬೇಕು, ಆ ಗೆರೆಯ ಮೇಲೆಯೇ ಲಿವರ್ ಸಿಗಬೇಕು. ಬೆರಳು ಮೇಲಕ್ಕೆ ಎತ್ತಿ ಲಿವರ್ ಹಿಡಿಯಬೇಕಾಗಿದ್ದರೆ ಲಿವರನ್ನು ಹಿಡಿದಿರುವ ಕ್ಲಾಂಪಿನ ಬೋಲ್ಟು ಸಡಿಲಿಸಿ ಕೆಳಕ್ಕೆ ತಿರುಗಿಸಿ. ಶೋರೂಮಿನಿಂದ ಹೊರಬರುವ ಎಷ್ಟೋ ಬೈಕುಗಳಲ್ಲಿ ಲಿವರ್ ನೆಲಕ್ಕೆ ಸಮಾಂತರವಾಗಿರುತ್ತದೆ. ಮುಂದಕ್ಕೆ ವಾಲಿ ಕುಳಿತ ಸವಾರನ ಮಣಿಕಟ್ಟಿಗೆ ಆ ಕೋನ ಸರಿಹೊಂದುವುದಿಲ್ಲ. ಬ್ರೇಕಿನ ಕಡೆ ಇದನ್ನು ಮಾಡುವಾಗ ಬ್ರೇಕ್ ಎಣ್ಣೆ ತುಂಬಿರುವ ಮಾಸ್ಟರ್ ಸಿಲಿಂಡರಿನ ಡಬ್ಬಿ ತೀರ ವಾಲದಂತೆ ನೋಡಿಕೊಳ್ಳಿ. ಲಿವರಿನ ದೂರ ಬದಲಿಸುವ ತಿರುಪು ಇದ್ದರೆ ಬೆರಳ ಎರಡನೆಯ ಗಿಣ್ಣು ಲಿವರಿನ ಮೇಲೆ ಕೂರುವಷ್ಟು ಹತ್ತಿರ ತನ್ನಿ.

ಎರಡನೆಯದು ಹ್ಯಾಂಡಲಿನ ತಿರುವು. ನಡುವಿನ ಕ್ಲಾಂಪ್ ಸಡಿಲಿಸಿ ಹ್ಯಾಂಡಲನ್ನು ಕೆಲವು ಡಿಗ್ರಿ ಹಿಂದಕ್ಕೋ ಮುಂದಕ್ಕೋ ತಿರುಗಿಸಬಹುದು. ಹೀಗೆ ಮಾಡುವ ಮುನ್ನ ಹ್ಯಾಂಡಲಿನ ಮೇಲೆ ಕಾರ್ಖಾನೆಯವರು ಹೊಡೆದಿರುವ ಚುಕ್ಕೆಯನ್ನು ಹುಡುಕಿ. ಆ ಚುಕ್ಕೆ ಕ್ಲಾಂಪಿನ ಸಂದಿಗೆ ಹೊಂದಿಕೊಂಡಿರುತ್ತದೆ, ಅದೇ ಮೂಲ ಸ್ಥಾನ. ಹಿಂದಕ್ಕೆ ತಿರುಗಿಸಿದರೆ ಹಿಡಿ ಹತ್ತಿರ ಬರುತ್ತದೆ, ಆದರೆ ಹ್ಯಾಂಡಲ್ ಮೇಲಕ್ಕೆ ಎದ್ದಿರುವ ಆಕಾರದ್ದಾಗಿದ್ದರೆ ಜೊತೆಗೇ ಕೆಳಗೂ ಇಳಿಯುತ್ತದೆ, ಹಿಡಿಯ ತುದಿ ನೆಲದತ್ತ ವಾಲುತ್ತದೆ. ಎತ್ತರ ಗಳಿಸಲು ಈ ದಾರಿ ಹಿಡಿಯಬಾರದು. ಮಣಿಕಟ್ಟಿನ ಕೋನವನ್ನು ತಿದ್ದಲು ಮಾತ್ರ ಇದು ಯೋಗ್ಯ.

ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ನೇಕೆಡ್ ಬೈಕುಗಳ ಸೀಟು ಟ್ಯಾಂಕಿನತ್ತ ಇಳಿಜಾರಾಗಿರುತ್ತದೆ. ಹಿಂದಿನ ಶಾಕಿನ ಸ್ಪ್ರಿಂಗನ್ನು ಹಿಂಬದಿ ಸವಾರರಿಗೆಂದು ಬಿಗಿ ಮಾಡಿಸಿ ಹಾಗೆಯೇ ಬಿಟ್ಟಿದ್ದರೆ ಹಿಂಭಾಗ ಇನ್ನೂ ಎತ್ತರವಾಗಿ ಇಳಿಜಾರು ಹೆಚ್ಚುತ್ತದೆ. ಸವಾರ ಪ್ರತಿ ಬ್ರೇಕಿಗೂ ಮುಂದಕ್ಕೆ ಜಾರುತ್ತಾನೆ, ಆ ಜಾರುವಿಕೆಯನ್ನು ತಡೆಯುವುದು ಅವನ ಅಂಗೈ. ಶಾಕಿನ ಪ್ರೀಲೋಡನ್ನು, ಅಂದರೆ ಸ್ಪ್ರಿಂಗಿನ ಬಿಗಿಯನ್ನು, ನಿಮ್ಮೊಬ್ಬರ ತೂಕಕ್ಕೆ ತಕ್ಕಂತೆ ಇಳಿಸಿ. ತೊಡೆ ಮತ್ತು ಮೊಣಕಾಲಿನಿಂದ ಟ್ಯಾಂಕನ್ನು ಮೆಲ್ಲನೆ ಒತ್ತಿ ಹಿಡಿದು, ಹೊಟ್ಟೆಯ ಸ್ನಾಯುಗಳಿಂದ ಮೈಯನ್ನು ಎತ್ತಿ ಹಿಡಿಯುವುದನ್ನು ರೂಢಿಸಿಕೊಳ್ಳಿ. ಟ್ಯಾಂಕಿನ ಬದಿಗೆ ಅಂಟಿಸುವ ರಬ್ಬರ್ ಹಾಳೆ ಇದಕ್ಕೆ ಸಹಾಯಕ. ಪರೀಕ್ಷೆ ಸುಲಭ: ಖಾಲಿ ರಸ್ತೆಯಲ್ಲಿ ನಿಧಾನ ವೇಗದಲ್ಲಿ ಹೋಗುತ್ತಿರುವಾಗ ಮೊಣಕೈಗಳನ್ನು ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡಿಸಲು ಸಾಧ್ಯವಾದರೆ ಭಾರ ಅಂಗೈಯ ಮೇಲಿಲ್ಲ. ಈ ಒಂದು ಅಭ್ಯಾಸದಿಂದ ಮಣಿಕಟ್ಟಿನ ನೋವು ಪೂರ್ತಿ ಹೋಗುವ ಸವಾರರಿದ್ದಾರೆ. ಅಂಥವರು ಹ್ಯಾಂಡಲ್ ಮುಟ್ಟಬೇಕಾಗಿಯೇ ಇಲ್ಲ.

ಸಿಂಗಲ್ ಸಿಲಿಂಡರ್ ಎಂಜಿನಿನ ನಡುಕದಿಂದ ಕೈ ಜೋಮು ಹಿಡಿಯುತ್ತಿದ್ದರೆ ಹ್ಯಾಂಡಲಿನ ತುದಿಯ ತೂಕದ ಗುಂಡುಗಳು ಬಿಗಿಯಾಗಿವೆಯೇ ನೋಡಿ. ಅಂದಕ್ಕೆಂದು ಅವನ್ನು ತೆಗೆದು ಹಗುರವಾದ ಕನ್ನಡಿ ಹಾಕಿಸಿದ್ದರೆ ಮೂಲದ ಗುಂಡುಗಳನ್ನು ವಾಪಸ್ ಹಾಕಿಸಿ.

ಅಳತೆ

ಇಷ್ಟಾದ ಮೇಲೂ ಕತ್ತು, ಮಣಿಕಟ್ಟಿನ ನೋವು ಹೋಗದಿದ್ದರೆ ಎತ್ತರಿಸುವ ಮಾತಿಗೆ ಬರಬಹುದು. ಅಂಗಡಿಗೆ ಹೋಗುವ ಮುನ್ನ ಬೇಕಾಗಿರುವುದು ಎರಡು ಅಂಕಿ: ಎಷ್ಟು ಮೇಲಕ್ಕೆ, ಎಷ್ಟು ಹಿಂದಕ್ಕೆ. ಬೈಕಿನ ಮೇಲೆ ಕುಳಿತು, ಕಾಲನ್ನು ಫುಟ್‌ರೆಸ್ಟ್ ಮೇಲಿಟ್ಟು, ಕಣ್ಣು ಮುಚ್ಚಿ, ಭುಜ ಸಡಿಲಿಸಿ, ಬೆನ್ನು ತನಗೆ ಹಿತವಾದ ಕೋನಕ್ಕೆ ಬಂದ ಮೇಲೆ ಕೈಗಳನ್ನು ಮೆಲ್ಲನೆ ಮುಂದಕ್ಕೆ ಚಾಚಿ. ಮುಷ್ಟಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೂ ಈಗಿನ ಹಿಡಿಗೂ ಇರುವ ಅಂತರವನ್ನು ಜೊತೆಯವರು ಟೇಪಿನಿಂದ ಅಳೆಯಲಿ. ಪಕ್ಕದಿಂದ ಸವಾರನ ಭುಜದ ಎತ್ತರದಲ್ಲಿ ಮೊಬೈಲ್ ಹಿಡಿದು ಒಂದು ಚಿತ್ರ ತೆಗೆದರೆ ಬೆನ್ನಿನ ಕೋನವೂ ಮೊಣಕೈಯ ಮಡಿಕೆಯೂ ಒಟ್ಟಿಗೆ ಕಾಣುತ್ತವೆ. ಇದನ್ನು ಸವಾರಿಗೆ ಹೊರಡುವ ಮುನ್ನ ಒಮ್ಮೆ, ಗಂಟೆಗಟ್ಟಲೆ ಓಡಿಸಿ ಬಂದ ಮೇಲೆ ಒಮ್ಮೆ ಮಾಡುವುದು ಒಳ್ಳೆಯದು. ದಣಿದ ಮೈ ಹೆಚ್ಚು ಪ್ರಾಮಾಣಿಕವಾಗಿ ಅಳತೆ ಕೊಡುತ್ತದೆ. ಜಾಕೆಟ್ ಮತ್ತು ಹೆಲ್ಮೆಟ್ ತೊಟ್ಟೇ ಅಳೆಯಿರಿ.

ಬರುವ ಉತ್ತರ ಸಾಮಾನ್ಯವಾಗಿ ನಿರೀಕ್ಷೆಗಿಂತ ಚಿಕ್ಕದು. ಎರಡು ಅಥವಾ ಮೂರು ಸೆಂಟಿಮೀಟರ್ ಎಂದರೆ ಕೇಳಲು ಅಲ್ಪವೆನಿಸಿದರೂ ಮೈಗೆ ಅದು ದೊಡ್ಡ ಬದಲಾವಣೆ.

ರೈಸರ್ ಸಾಕೇ, ಹೊಸ ಹ್ಯಾಂಡಲ್ ಬೇಕೇ

ರೈಸರ್ ಎಂದರೆ ಈಗಿರುವ ಕ್ಲಾಂಪಿಗೂ ಹ್ಯಾಂಡಲಿಗೂ ನಡುವೆ ಕೂರುವ ಅಲ್ಯೂಮಿನಿಯಮ್ ತುಂಡು. ಹ್ಯಾಂಡಲಿನ ಆಕಾರ ನಿಮಗೆ ಹಿಡಿಸಿದ್ದು ಎತ್ತರ ಮಾತ್ರ ಸಾಲದಿದ್ದರೆ ಇದೇ ಸಾಕು. ಇಲ್ಲಿ ಒಂದು ಲೆಕ್ಕ ತಿಳಿದಿರಲಿ. ರೈಸರ್ ಹ್ಯಾಂಡಲನ್ನು ನೆಲಕ್ಕೆ ಲಂಬವಾಗಿ ಎತ್ತುವುದಿಲ್ಲ, ಫೋರ್ಕ್ ವಾಲಿರುವ ದಿಕ್ಕಿನಲ್ಲಿ ಎತ್ತುತ್ತದೆ. ಸ್ಪೋರ್ಟ್ ಬೈಕಿನ ಫೋರ್ಕ್ ಸುಮಾರು 25 ಡಿಗ್ರಿ ಹಿಂದಕ್ಕೆ ವಾಲಿರುವುದರಿಂದ 30 ಮಿ.ಮೀ. ನೇರ ರೈಸರ್ ಹಾಕಿದರೆ ಹಿಡಿ ಸುಮಾರು 27 ಮಿ.ಮೀ. ಮೇಲಕ್ಕೂ 12 ಮಿ.ಮೀ.ಗೂ ಸ್ವಲ್ಪ ಹೆಚ್ಚು ಹಿಂದಕ್ಕೂ ಬರುತ್ತದೆ. ಕುಳ್ಳಗಿನ ಸವಾರರಿಗೆ ಇದು ಅನುಕೂಲ. ಉದ್ದನೆಯ ತೋಳಿನವರಿಗೆ ಮೊಣಕೈ ಪಕ್ಕೆಗೆ ತಾಗುವಂತಾಗಬಹುದು. ಹಿಂದಕ್ಕೆ ಬಾಗಿಸಿದ ರೈಸರುಗಳೂ ಸಿಗುತ್ತವೆ, ಅಳತೆ ಕೈಯಲ್ಲಿಲ್ಲದೆ ಅವನ್ನು ಕೊಳ್ಳಬಾರದು.

ಹೊಸ ಹ್ಯಾಂಡಲ್ ಕೊಳ್ಳುವುದಾದರೆ ಕೊಳವೆಯ ವ್ಯಾಸವೇ ಮೊದಲ ಪ್ರಶ್ನೆ. ಹಿಡಿಯ ಜಾಗದಲ್ಲಿ ಬಹುತೇಕ ಬೈಕುಗಳದ್ದು 22.2 ಮಿ.ಮೀ. ಆದರೆ ನಡುವೆ, ಕ್ಲಾಂಪ್ ಹಿಡಿಯುವಲ್ಲಿ, ಕೆಲವದರಲ್ಲಿ ಅದೇ 22.2 ಇರುತ್ತದೆ, ಕೆಲವದರಲ್ಲಿ 28.6 ಮಿ.ಮೀ. ಇದ್ದು ತುದಿಯತ್ತ ಸಣ್ಣಗಾಗುತ್ತದೆ. ಒಂದರ ಕ್ಲಾಂಪು ಇನ್ನೊಂದನ್ನು ಹಿಡಿಯುವುದಿಲ್ಲ. ತಗಡಿನ ತುಂಡು ತುರುಕಿ ಹೊಂದಿಸುವ ಗ್ಯಾರೇಜಿನಿಂದ ಬೈಕನ್ನು ಹಿಂದಕ್ಕೆ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗಳಲ್ಲಿ ಹೆಸರಿಲ್ಲದ ಅಗ್ಗದ ಹ್ಯಾಂಡಲುಗಳೂ ಧಾರಾಳವಾಗಿ ಸಿಗುತ್ತವೆ. ಬೈಕಿನ ಮೇಲೆ ನಿಮ್ಮ ಜೀವ ಹಿಡಿದುಕೊಂಡಿರುವುದು ಈ ಒಂದು ಕೊಳವೆಯನ್ನೇ ಆದ್ದರಿಂದ ಇಲ್ಲಿ ಮಾತ್ರ ಜಿಪುಣತನ ಸಲ್ಲದು. ಅಗಲದ ವಿಷಯದಲ್ಲಿ ನನ್ನ ಸಲಹೆ, ಮೂಲ ಹ್ಯಾಂಡಲಿಗಿಂತ ಅಗಲ ಮಾಡಬೇಡಿ ಎಂಬುದು. ಅಗಲವಾದಷ್ಟೂ ತೋಳು ಚಾಚಿಕೊಂಡು ಭುಜ ಬಿಗಿಯುತ್ತದೆ, ವೇಗದಲ್ಲಿ ಗಾಳಿಯ ಅಲುಗಾಟ ಹೆಚ್ಚು ಇಳಿಯುತ್ತದೆ, ಟ್ರಾಫಿಕ್ಕಿನಲ್ಲಿ ಕಾರಿನ ಕನ್ನಡಿಗೆ ತಾಗುತ್ತದೆ.

ಕಾನೂನನ್ನೂ ಇಲ್ಲೇ ನೋಡಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಆದ್ದರಿಂದ ನಿಮ್ಮ ಬೈಕಿನ ತಯಾರಕರೇ ಮಾರುವ ರೈಸರ್ ಅಥವಾ ಹ್ಯಾಂಡಲ್ ಇದ್ದರೆ ಅದನ್ನೇ ಆರಿಸಿ, ಬಿಲ್ಲು ಇಟ್ಟುಕೊಳ್ಳಿ, ವಾರಂಟಿ ಮತ್ತು ವಿಮೆಯ ಬಗ್ಗೆ ಮೊದಲೇ ಲಿಖಿತವಾಗಿ ಕೇಳಿ ತಿಳಿಯಿರಿ.

ಜೋಡಿಸುವ ಕೆಲಸ

ಹ್ಯಾಂಡಲ್ ಎಷ್ಟು ಏರಬಹುದೆಂದು ಕೊನೆಗೆ ತೀರ್ಮಾನಿಸುವುದು ಕೇಬಲ್ಲುಗಳು. ಎಡಗಡೆ ಕ್ಲಚ್ ಕೇಬಲ್, ಬಲಗಡೆ ರೇಸ್ ಕೇಬಲ್ ಮತ್ತು ಮುಂದಿನ ಬ್ರೇಕಿನ ಹೋಸ್, ಎರಡೂ ಕಡೆ ಸ್ವಿಚ್ಚುಗಳ ವೈರು: ಇವೆಲ್ಲಕ್ಕೂ ಕಾರ್ಖಾನೆಯಲ್ಲಿ ಕೊಟ್ಟಿರುವ ಸಡಿಲ ಸೀಮಿತ. ರೈಸರ್ ಬಿಗಿಯುವ ಮುನ್ನ, ಹ್ಯಾಂಡಲನ್ನು ಬೇಕಾದ ಎತ್ತರಕ್ಕೆ ಕೈಯಲ್ಲೇ ಎತ್ತಿ ಹಿಡಿದು, ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಪ್ರತಿಯೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿ. ಯಾವುದೂ ತಂತಿಯಂತೆ ಬಿಗಿದಿರಬಾರದು, ಚೂಪಾಗಿ ಮಡಚಿರಬಾರದು, ಫೋರ್ಕಿಗೂ ಫ್ರೇಮಿಗೂ ನಡುವೆ ಸಿಕ್ಕಿಕೊಳ್ಳಬಾರದು. ಕೇಬಲ್ಲನ್ನು ಹಿಡಿದಿರುವ ಕೊಕ್ಕೆಯಿಂದ ಬಿಡಿಸಿ ಬೇರೆ ದಾರಿಯಲ್ಲಿ ಹಾಯಿಸಿದರೆ ಒಂದೆರಡು ಸೆಂಟಿಮೀಟರ್ ಗಿಟ್ಟುವುದುಂಟು. ಬ್ರೇಕಿನ ಹೋಸ್ ಸಾಲದಿದ್ದರೆ ಉದ್ದದ ಹೋಸ್ ಹಾಕಿಸಿ, ಮಾಸ್ಟರ್ ಸಿಲಿಂಡರಿನ ಡಬ್ಬಿಯ ಮೇಲೆ ಬರೆದಿರುವ ದರ್ಜೆಯದೇ ಹೊಸ ಬ್ರೇಕ್ ಎಣ್ಣೆ ತುಂಬಿಸಿ, ಗಾಳಿ ಪೂರ್ತಿ ಹೊರಹೋಗುವಂತೆ ಬ್ಲೀಡ್ ಮಾಡಿಸಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿರುವುದರಿಂದ ಈ ಕೆಲಸ ಅಧಿಕೃತ ಸರ್ವಿಸ್ ಕೇಂದ್ರದಲ್ಲೇ ಆಗುವುದು ಕ್ಷೇಮ. ಆ ಎಣ್ಣೆ ಟ್ಯಾಂಕಿನ ಬಣ್ಣವನ್ನು ತಿನ್ನುತ್ತದೆ, ಮೊದಲೇ ದಪ್ಪ ಬಟ್ಟೆ ಹೊದಿಸಿಡಿ.

ಹಳೆಯ ಹ್ಯಾಂಡಲ್ ಬಿಚ್ಚುವಾಗ ಸ್ವಿಚ್ ಡಬ್ಬಿಯ ಒಳಗೊಂದು ಸಣ್ಣ ಮೊಳೆಯಂಥ ಪಿನ್ ಕಾಣುತ್ತದೆ. ಅದು ಹ್ಯಾಂಡಲಿನಲ್ಲಿರುವ ತೂತಿನೊಳಗೆ ಕೂತು ಡಬ್ಬಿ ತಿರುಗದಂತೆ ತಡೆಯುತ್ತದೆ. ಹೊಸ ಹ್ಯಾಂಡಲಿನಲ್ಲಿ ಆ ತೂತು ಇರದಿದ್ದರೆ ಸ್ಥಾನವನ್ನು ಎರಡು ಬಾರಿ ಗುರುತು ಮಾಡಿ ಅಷ್ಟೇ ಗಾತ್ರದ ತೂತು ಕೊರೆಸಬೇಕು. ಪಿನ್ನನ್ನೇ ಕತ್ತರಿಸಿ ಹಾಕುವ ಮೆಕ್ಯಾನಿಕ್‌ಗಳಿದ್ದಾರೆ. ರೇಸ್ ಕೊಡುವಾಗ ಇಡೀ ಡಬ್ಬಿಯೇ ಕೈಯೊಂದಿಗೆ ತಿರುಗಿದರೆ ಆಗುವ ಅನಾಹುತವನ್ನು ಅವರಿಗೆ ವಿವರಿಸಿ ಹೇಳಿ ತಡೆಯಿರಿ. ಬಲಗೈಯ ಹಿಡಿ ಮತ್ತು ತುದಿಯ ಗುಂಡಿನ ನಡುವೆ ಎರಡು ಮೂರು ಮಿ.ಮೀ. ಸಂದಿ ಬಿಡಬೇಕು. ಕೈಬಿಟ್ಟ ಕೂಡಲೇ ಹಿಡಿ ಠಕ್ಕನೆ ತನ್ನ ಸ್ಥಾನಕ್ಕೆ ಮರಳಬೇಕು.

ರೈಸರಿನ ಜೊತೆ ಬರುವ ಉದ್ದನೆಯ ಬೋಲ್ಟುಗಳ ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಮೇಲಿನ ದರ್ಜೆ ಬರೆದಿರಬೇಕು, ಮತ್ತು ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಥ್ರೆಡ್ಡಿನೊಳಗೆ ಇಳಿದಿರಬೇಕು. ಬಿಗಿಯುವ ಕ್ರಮ ಎಲ್ಲ ಬೈಕುಗಳಿಗೂ ಒಂದೇ ಅಲ್ಲ. ಕೆಲವು ಕ್ಲಾಂಪುಗಳ ಮುಚ್ಚಳದ ಮೇಲೆ ಒಂದು ಗುರುತು ಇದ್ದು ಅದು ಮುಂದಕ್ಕೆ ಬರಬೇಕು. ಅಲ್ಲಿ ಮುಂದಿನ ಬೋಲ್ಟುಗಳನ್ನು ಸಂದಿಯಿಲ್ಲದಂತೆ ಮೊದಲು ಬಿಗಿದು ಆಮೇಲೆ ಹಿಂದಿನವನ್ನು ಬಿಗಿಯುತ್ತಾರೆ, ಸಂದಿ ಉಳಿಯುವುದು ಹಿಂದೆ ಮಾತ್ರ. ಉಳಿದವುಗಳಲ್ಲಿ ಎರಡೂ ಕಡೆ ಸಮಾನ ಸಂದಿ ಬರುವಂತೆ ಒಂದೊಂದಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಎಷ್ಟು ಬಿಗಿ ಎಂಬುದಕ್ಕೆ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಯೇ ಪ್ರಮಾಣ, 8 ಮಿ.ಮೀ. ಬೋಲ್ಟಿಗೆ ಹಲವು ಬೈಕುಗಳಲ್ಲಿ ಅದು 20ರಿಂದ 25 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಇಲ್ಲದ ಕಡೆ ಈ ಕೆಲಸ ಬೇಡ. ಹೆಚ್ಚು ಬಿಗಿದರೆ ಅಲ್ಯೂಮಿನಿಯಮ್ ಥ್ರೆಡ್ ಕಿತ್ತುಬರುತ್ತದೆ, ಕಡಿಮೆ ಬಿಗಿದರೆ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಹ್ಯಾಂಡಲೇ ಮುಂದಕ್ಕೆ ಮಗುಚುತ್ತದೆ.

ರಸ್ತೆಗಿಳಿಯುವ ಮುನ್ನ, ಇಳಿದ ಮೇಲೆ

ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಐಡಲ್ ಸ್ಥಿರವಾದ ಮೇಲೆ ಹ್ಯಾಂಡಲನ್ನು ನಿಧಾನವಾಗಿ ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ. ಎಂಜಿನಿನ ಸದ್ದು ಎಲ್ಲಿಯೂ ಏರಬಾರದು. ಒಂದು ಕಡೆ ತಿರುಗಿಸಿದಾಗ ಸದ್ದು ತಾನಾಗಿ ಏರಿದರೆ ರೇಸ್ ಕೇಬಲ್ ಎಳೆದುಕೊಳ್ಳುತ್ತಿದೆ. ಯು-ಟರ್ನಿನಲ್ಲಿ ಇದೇ ಆದರೆ ಬೈಕು ತಾನಾಗಿ ಮುಂದಕ್ಕೆ ನುಗ್ಗುತ್ತದೆ. ರೈಡ್-ಬೈ-ವೈರ್ (ಕೇಬಲ್ ಬದಲು ವಿದ್ಯುತ್ ಸಂಕೇತದಿಂದ ರೇಸ್ ಕೊಡುವ ವ್ಯವಸ್ಥೆ) ಇರುವ ಬೈಕುಗಳಲ್ಲಿ ರೇಸ್ ಕೇಬಲ್ಲೇ ಇಲ್ಲದ್ದರಿಂದ ವೈರು ಎಳೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು. ಕ್ಲಚ್ ಲಿವರಿನ ತುದಿಯಲ್ಲಿ ಮ್ಯಾನ್ಯುಯಲ್ ಹೇಳುವಷ್ಟು ಸಡಿಲ, ಸಾಮಾನ್ಯವಾಗಿ 10ರಿಂದ 15 ಮಿ.ಮೀ., ಹ್ಯಾಂಡಲ್ ಎತ್ತ ತಿರುಗಿದ್ದರೂ ಉಳಿದಿರಬೇಕು. ಹಿಡಿಗೂ ಟ್ಯಾಂಕಿಗೂ ನಡುವೆ ಹೆಬ್ಬೆರಳು ಸಿಕ್ಕಿಕೊಳ್ಳದಷ್ಟು ಜಾಗವಿರಲಿ. ಹಾರ್ನ್, ಇಂಡಿಕೇಟರ್, ಕಿಲ್ ಸ್ವಿಚ್, ಬ್ರೇಕ್ ದೀಪ ಎಲ್ಲವನ್ನೂ ಎರಡೂ ತುದಿಯಲ್ಲಿ ಒತ್ತಿ ನೋಡಿ. ಕನ್ನಡಿಗಳನ್ನು ಹೊಸದಾಗಿ ಹೊಂದಿಸಿಕೊಳ್ಳಿ.

ಮೊದಲ ಓಟ ಚಿಕ್ಕದಾಗಿರಲಿ, ಪರಿಚಿತ ರಸ್ತೆಯಲ್ಲಿರಲಿ. ಮೊದಲು ಖಾಲಿ ಜಾಗದಲ್ಲಿ ಎಂಟರ ಆಕಾರದಲ್ಲಿ ಸುತ್ತಿ, ಆಮೇಲೆ ಗಟ್ಟಿಯಾಗಿ ಬ್ರೇಕ್ ಹಿಡಿದು ಹ್ಯಾಂಡಲ್ ಅಲುಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ತಿರುವುಗಳಲ್ಲಿ ಮುಂಚಕ್ರ ಹಗುರವೆನಿಸಿದರೆ ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ಕುಳಿತು ನೋಡಿ. ಹೆದ್ದಾರಿಯಲ್ಲಿ ವೇಗವನ್ನು ಹಂತಹಂತವಾಗಿ ಏರಿಸಿ, ಮೈ ಯಾವ ವೇಗದಲ್ಲಿ ಹ್ಯಾಂಡಲಿಗೆ ಜೋತುಬೀಳಲು ಶುರುಮಾಡುತ್ತದೆ ಎಂದು ಗಮನಿಸಿ. ಆ ವೇಗ ನೀವು ಸಾಮಾನ್ಯವಾಗಿ ಓಡಿಸುವ ವೇಗಕ್ಕಿಂತ ಕಡಿಮೆಯಿದ್ದರೆ ಹ್ಯಾಂಡಲ್ ಅತಿಯಾಗಿ ಏರಿದೆ. ಕಡಿಮೆ ದಪ್ಪದ ರೈಸರ್ ಹಾಕಿಸಿ, ಇಲ್ಲವೇ ಹೆಡ್‌ಲೈಟಿನ ಮೇಲೆ ಒಂದು ಚಿಕ್ಕ ಗಾಳಿತಡೆ ಕೂರಿಸಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುವವರು ಆ ಭಾರದಲ್ಲೂ ಒಮ್ಮೆ ಪರೀಕ್ಷಿಸಬೇಕು, ಏಕೆಂದರೆ ಎತ್ತರದ ಹ್ಯಾಂಡಲ್ ಮತ್ತು ಹಿಂಬದಿ ಸವಾರ ಇಬ್ಬರೂ ಮುಂಚಕ್ರದ ಭಾರವನ್ನೇ ಕದಿಯುತ್ತಾರೆ.

ಮೊದಲ ಕೆಲವು ದಿನ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಿ, ಬೋಲ್ಟಿನ ತಲೆಗೂ ಕ್ಲಾಂಪಿಗೂ ಸೇರಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟು ಸಡಿಲಿದೆ ಎಂದು ದೂರದಿಂದಲೇ ಕಾಣುತ್ತದೆ. ಮಳೆಗಾಲದ ಮುನ್ನ ಕೇಬಲ್ಲುಗಳ ಹೊಸ ದಾರಿಯಲ್ಲಿ ಎಲ್ಲಾದರೂ ಉಜ್ಜಿ ಹೊರಕವಚ ಸವೆದಿದೆಯೇ ನೋಡಿಸಿ. ಬಿಚ್ಚಿದ ಹಳೆಯ ಹ್ಯಾಂಡಲ್, ಅದರ ಬೋಲ್ಟುಗಳು, ಮೂಲದ ಹೋಸ್ ಇವನ್ನು ಒಂದು ಚೀಲದಲ್ಲಿ ಕಟ್ಟಿ, ಬೈಕಿನ ಹೆಸರು ಬರೆದು ಎತ್ತಿಡಿ. ಬೈಕು ಮಾರುವಾಗಲೋ, ವಾರಂಟಿಯ ಕೆಲಸಕ್ಕೋ, ಅಥವಾ ಮೈ ಹೊಸ ಎತ್ತರವನ್ನು ಒಪ್ಪದೆ ಹೋದಾಗಲೋ ಅವು ಬೇಕಾಗುತ್ತವೆ.